ನೂರಾ ಮೂವತ್ತೆರಡು ಹಣೆ

ಬೆಳಗಿನ ಐದೂವರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್ ಬಡಾವಣೆಯಲ್ಲಿ ಬೀದಿದೀಪಗಳು ಇನ್ನೂ ಉರಿಯುತ್ತಿವೆ. ನವೆಂಬರಿನಲ್ಲಿ ಇಲ್ಲಿ ಬೆಳಕು ಹರಿಯಲು ಏಳೂವರೆಯಾಗಬೇಕು. ಡಾಕ್ಟರ್ ದಾಕ್ಷಾಯಣಿಯವರ ಮನೆಯ ಮಹಡಿಯ ಸಣ್ಣ ಕೋಣೆಯಲ್ಲಿ ಅರವತ್ತೊಂದರ ಕೃಪಾವತಿ ಮಲ್ಲಸಮುದ್ರ ಮಂಚದ ಅಂಚಿಗೆ ಕೂತು, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನೂರರವರೆಗೆ ಎಣಿಸುತ್ತಾರೆ. ಪ್ರಾರ್ಥನೆ ಆಗಲೇ ಮುಗಿದಿದೆ. ಇದು ಕೈ ಬೆಚ್ಚಗೆ ಮಾಡಿಕೊಳ್ಳುವ ಎಣಿಕೆ.

ಆಮೇಲೆ ದೀಪ ಹಾಕದೆ, ಗೋಡೆ ಹಿಡಿದು ಮಕ್ಕಳ ಕೋಣೆಗೆ ಹೋಗುತ್ತಾರೆ. ಏಳು ವರ್ಷದ ಆಶ್ರಿತಾಳ ಹಣೆಗೆ ಬೆರಳುಗಳ ಬೆನ್ನು ತಾಗಿಸುತ್ತಾರೆ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು. ಪಕ್ಕದ ಕೋಣೆಯಲ್ಲಿ ಅವಳ ಅಣ್ಣ ಈಶಾನ್. ಅವನ ಹಣೆಯೂ ಆಯಿತು. ಕೆಳಗಿಳಿದು ಬಾಗಿಲ ಬಳಿಯ ಬೂಟುಗಳನ್ನೆಲ್ಲ ಒಂದೊಂದಾಗಿ ತಲೆಕೆಳಗು ಮಾಡಿ ಝಾಡಿಸುತ್ತಾರೆ.

"ಮಾವಶಿ, ಈ ಊರಲ್ಲಿ ಹುಡುಕಿದರೂ ಒಂದು ಚೇಳು ಸಿಗಲ್ಲ" ಎನ್ನುತ್ತಾರೆ ದಾಕ್ಷಾಯಣಿಯವರ ಪತಿ ರಾಜಶೇಖರ. ಮೈಸೂರಿನವರಾದರೂ ಹೆಂಡತಿಯ ರೂಢಿಯಂತೆ ಚಿಕ್ಕಮ್ಮನಿಗೆ ಮಾವಶಿ ಎನ್ನುವವರು; ಇಲ್ಲಿನ ದೊಡ್ಡಾಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯರು. ಬೆಳಗಿನ ಡ್ಯೂಟಿಗೆ ಹೊರಟು ನಿಂತಿದ್ದಾರೆ.

"ಸಿಗೂದಿಲ್ಲಂತ ಝಾಡಸೂದು ಬಿಟ್ಟ ದಿನಾನ ಸಿಗತೈತಿ" ಎಂದು ಬೂಟು ಅವರ ಮುಂದಿಡುತ್ತಾರೆ ಕೃಪಾವತಿ.

ಈ ಕೈಗೆ ಇಪ್ಪತ್ತಾರು ವರ್ಷದ ರೂಢಿ. ಗದಗಿನ ಪಕ್ಕದ ಮಲ್ಲಸಮುದ್ರದ ಒಕ್ಕಲು ಮನೆಯ ಮಗಳು, ಬೆಟಗೇರಿಯ ಮಿಷನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತವರು. ೧೯೭೬ರಲ್ಲಿ ಇದೇ ಬರ್ಮಿಂಗ್‌ಹ್ಯಾಮಿನಲ್ಲಿ ಆರು ತಿಂಗಳ ತರಬೇತಿ ಪಡೆದು ಜಾಂಬಿಯಾದ ಉತ್ತರ ತುದಿಯ ಮಿಷನ್ ಶಾಲೆಗೆ ಹೋದರು. ವಸತಿ ಶಾಲೆ. ಆರು ಕೋಣೆ, ನೂರಾ ಮೂವತ್ತೆರಡು ಹಾಸಿಗೆ, ಅಷ್ಟೂ ಮಕ್ಕಳನ್ನು ನೋಡಿಕೊಳ್ಳಲು ಇವರೊಬ್ಬರೇ ಮೇಟ್ರನ್.

ಅಲ್ಲಿ ಅವರ ದಿನ ನಾಲ್ಕೂ ಹತ್ತಕ್ಕೆ ಶುರು. ಐದಕ್ಕೆ ಗಂಟೆ ಬಾರಿಸುವ ಮೊದಲು ಅಷ್ಟೂ ಹಣೆ ಮುಟ್ಟಿ ಮುಗಿಸಬೇಕು. ಬಿಸಿ ಕಂಡವರ ಮಂಚದ ಕಾಲಿಗೆ ಒಂದು ಅರಿವೆ ಚೂರು. ಗಂಟೆಗೆ ಎಲ್ಲರೂ ಎದ್ದರೂ ಆ ಮಕ್ಕಳು ಏಳುವಂತಿಲ್ಲ. ಬೆರಳು ಚುಚ್ಚಿ, ರಕ್ತ ನೋಡಿ, ಮಲೇರಿಯಾ ಇದ್ದರೆ ಆಗಲೇ ಔಷಧಿ. ನಸುಕಿಗೆ ಹಿಡಿದ ಜ್ವರ ಸಂಜೆಗೆ ಮಾತು ಕೇಳುತ್ತದೆ ಎನ್ನುತ್ತಾರೆ ಅವರು. ಸಂಜೆಗೆ ಕಂಡದ್ದು ಕೇಳುವುದಿಲ್ಲ.

"ಅಂಗೈ ಸುಳ್ಳು ಹೇಳತೈತ್ರಿ. ಕಸಾ ಮುಸುರಿ ಮಾಡಿ, ಗುದ್ದಲಿ ಹಿಡದು ದಡ್ಡಾಗಿರತೈತಿ. ಬೆರಳಿನ ಬೆನ್ನ ಹಂಗಲ್ಲ, ಅದು ಕೂಸಿನ ಚರ್ಮ ಇದ್ದಂಗ."

ಗುದ್ದಲಿಯ ಮಾತು ಸುಮ್ಮನೆ ಬಂದದ್ದಲ್ಲ. ಹೆಡ್‌ಮಾಸ್ತರರಿಂದ ಹಿಡಿದು ಶಾಲೆಯ ಒಂಬತ್ತೂ ಮಂದಿ ಸಿಬ್ಬಂದಿಗೆ ಒಂದೊಂದು ಪಟ್ಟಿ ಹೊಲ. ಬೇರೆಯವರು ಶೇಂಗಾ ಹಾಕಿದರೆ ಕೃಪಾವತಿ ಜೋಳ ಬಿತ್ತಿದರು, ಭಾನುವಾರಕ್ಕೆ ರೊಟ್ಟಿಯಾಗಲೆಂದು. ನೀರೆತ್ತುವ ಕೈಪಂಪಿಗೆ ಎಲ್ಲರಿಗೂ ಪಾಳಿ. ಜನರೇಟರ್ ಸಂಜೆ ಎರಡೇ ತಾಸು; ಅಷ್ಟರಲ್ಲಿ ಮಕ್ಕಳ ಓದು, ಮಾಸ್ತರರ ತಿದ್ದುವ ಕೆಲಸ, ಮೇಟ್ರನ್ನರ ಹೊಲಿಗೆ. ಟಪಾಲು ತರುವ ಲಾರಿ ಹದಿನೈದು ದಿನಕ್ಕೊಮ್ಮೆ. ಶನಿವಾರ ಪಾದಗಳ ದಿನ: ಬೆರಳ ಸಂದಿಯಲ್ಲಿ ಹೊಕ್ಕು ಮೊಟ್ಟೆಯಿಡುವ ಮಣ್ಣಿನ ಹುಳವನ್ನು ಪಿನ್ನಿನ ತುದಿಯಿಂದ ಒಡೆಯದಂತೆ ತೆಗೆಯಬೇಕು. ಇನ್ನೂರಾ ಅರವತ್ತನಾಲ್ಕು ಪಾದ.

ಒಂದೇ ಒಂದು ಬೆಳಗು ಅವರು ಒಂದು ಹಣೆ ಬಿಟ್ಟರು. ೧೯೮೮ರ ಫೆಬ್ರವರಿ. ಬ್ವಾಲ್ಯಾ ಎಂಬ ಒಂಬತ್ತರ ಹುಡುಗಿ ಹಿಂದಿನ ದಿನವೆಲ್ಲ ಹಲ್ಲುನೋವಿನಿಂದ ಅತ್ತು, ಕೊನೆಗೂ ಮುಸುಕೆಳೆದು ಮಲಗಿದ್ದಳು. "ಪಾಪ, ನಿದ್ದಿ ಹತ್ತೇತಿ ಅಂತ ಕಾಲಷ್ಟ ಮುಟ್ಟಿದೆ. ಕಾಲ ತಣ್ಣಗ ಇತ್ತು." ಅದು ಬರೀ ಹಲ್ಲುನೋವಾಗಿರಲಿಲ್ಲ. ಸಂಜೆಗೆ ಮಲೇರಿಯಾ ಮಿದುಳಿಗೆ ಏರಿತ್ತು. ಮರುದಿನ ಮಣ್ಣು ಕೊಟ್ಟರು. ಕೃಪಾವತಿ ಇದನ್ನು ಹೇಳುವಾಗ ಬಲಗೈಯನ್ನು ಎಡಗೈಯಲ್ಲಿ ಮುಚ್ಚಿಕೊಂಡಿರುತ್ತಾರೆ. ಅಂದಿನಿಂದ ಮುಸುಕು ತೆಗೆಯದೆ ಯಾವ ಮಂಚವನ್ನೂ ದಾಟಿಲ್ಲ.

ಈ ಆಗಸ್ಟಿನಲ್ಲಿ, ೨೦೦೨ರಲ್ಲಿ, ಅವರನ್ನು ಬರ್ಮಿಂಗ್‌ಹ್ಯಾಮಿಗೆ ಕರೆತಂದದ್ದು ಕಣ್ಣು. ಎಡಗಣ್ಣಿನ ಪೊರೆ ತೆಗೆದರೂ ನೋಟ ಪೂರ್ತಿ ಮರಳಲಿಲ್ಲ. ಬಲಗಣ್ಣಿನ ಹಿಂಪರದೆ, ಅಂದರೆ ರೆಟಿನಾವೇ, ಸವೆದಿದೆ. ಗದಗಿನಲ್ಲಿ ದಾಕ್ಷಾಯಣಿಯ ತಾಯಿಯೂ ಇವರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಆ ಸಲುಗೆಯಲ್ಲಿ ಈ ಮನೆಯ ವಾಸ. ಮಿಷನ್ ಸಂಸ್ಥೆಯ ವೈದ್ಯ ಮಂಡಳಿಯದು ಸ್ಪಷ್ಟ ನಿಯಮ: ಮಕ್ಕಳ ಹೊಣೆ ಹೊತ್ತವರಿಗೆ ಥರ್ಮಾಮೀಟರ್ ಓದಲು ಬರಬೇಕು. ಜನವರಿಯಲ್ಲಿ ಶಾಲೆ ತೆರೆಯುವುದರೊಳಗೆ ತೀರ್ಮಾನ. ವಾಪಸು ಹೋಗುವುದೋ, ಇಲ್ಲಿಗೇ ನಿಲ್ಲುವುದೋ.

ದಾಕ್ಷಾಯಣಿ ಜಿಪಿ, ಅಂದರೆ ಬಡಾವಣೆಯ ಕುಟುಂಬ ವೈದ್ಯೆ. ಮೊದಮೊದಲು ಅವರಿಗೂ ಈ ಕೈಯ ಮೇಲೆ ನಂಬಿಕೆಯಿರಲಿಲ್ಲ. ಇರುವಂತೆಯೂ ಇರಲಿಲ್ಲ: ಚಳಿ ಶುರುವಾದ ಮೊದಲ ಬೆಳಗು ಕೃಪಾವತಿ ಗಾಬರಿಯಿಂದ ಬಾಗಿಲು ಬಡಿದು, "ಏಳ ಯವ್ವಾ, ಮನೀ ಮಂದಿಗೆಲ್ಲಾ ಜ್ವರ" ಎಂದಿದ್ದರು. ಎಲ್ಲರ ಕಿವಿಗೂ ಥರ್ಮಾಮೀಟರ್ ಇಟ್ಟರೆ ಯಾರಿಗೂ ಏನಿಲ್ಲ. ಇಪ್ಪತ್ತಾರು ವರ್ಷ ಬೆಚ್ಚಗಿದ್ದ ಕೈ ಇಲ್ಲಿ ಮಂಜುಗಡ್ಡೆಯಾಗಿತ್ತು. ಅದಕ್ಕೆ ಊರೆಲ್ಲ ಬಿಸಿ.

"ಮಾವಶಿ, ಥರ್ಮಾಮೀಟರಿಗೆ ಥಂಡಿ ಹತ್ತೂದಿಲ್ಲ ನೋಡ್ರಿ" ಎಂದು ದಾಕ್ಷಾಯಣಿ ಕಾಲೆಳೆದಿದ್ದರು.

"ಅದಕ್ಕ ಒಡಿಯೂದು ಗೊತ್ತು. ವರ್ಷಕ್ಕ ಹನ್ನೆರಡು ಕಳಸ್ತಾರ, ಈಸ್ಟರಿಗೆ ಎರಡು ಉಳಿತಾವ" ಎಂದಿದ್ದರು ಇವರು. ಕಂಕುಳಲ್ಲಿ ಕೈಯಿಟ್ಟು ನೂರೆಣಿಸುವುದು ಮರುದಿನದಿಂದ ಬಂದದ್ದು.

ಆಮೇಲೆ ದಾಕ್ಷಾಯಣಿ ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ ಗುರುತು ಹಾಕತೊಡಗಿದರು. ಇಪ್ಪತ್ತೊಂದು ಬೆಳಗು, ಮೊದಲು ಕೈ, ಹಿಂದೆಯೇ ಥರ್ಮಾಮೀಟರ್. ಕೃಪಾವತಿ ನಾಲ್ಕು ಸಲ ಜ್ವರವೆಂದರು. ಮೂರು ಸಲ ಥರ್ಮಾಮೀಟರ್ ಹೌದೆಂದಿತು. ನಾಲ್ಕನೆಯದು ಆಶ್ರಿತಾಳದು. ಥರ್ಮಾಮೀಟರ್ ಇಲ್ಲವೆಂದಿತು, ಅವಳನ್ನು ಶಾಲೆಗೆ ಕಳಿಸಿದರು. ಮಧ್ಯಾಹ್ನ ಎರಡಕ್ಕೆ ಶಾಲೆಯಿಂದ ಫೋನು: ಮಗುವಿನ ಮೈ ಕೆಂಡ, ಬಂದು ಕರೆದೊಯ್ಯಿರಿ.

"ಹದಿನೈದು ವರ್ಷದಿಂದ ಡಾಕ್ಟರಕಿ ಮಾಡಾಕತ್ತೀನಿ" ಎನ್ನುತ್ತಾರೆ ದಾಕ್ಷಾಯಣಿ. "ಅವತ್ತ ಕಾರ್ ಪಾರ್ಕಿನಾಗ ಕೂತು ನನ್ನ ಕೈ ನಾನ ನೋಡಿಕೊಂಡೆ."

ಅವರು ಮಂಡಳಿಗೆ ಪತ್ರ ಬರೆದರು, ಕ್ಯಾಲೆಂಡರಿನ ಹಾಳೆಯ ನಕಲು ಲಗತ್ತಿಸಿ. ಹೋದ ಮಂಗಳವಾರ ಉತ್ತರ ಬಂದಿದೆ. ದಾಕ್ಷಾಯಣಿ ಓದಿ ಹೇಳಿದರು. ಕೃಪಾವತಿ ಮೇಟ್ರನ್ ಆಗಿ ಮುಂದುವರಿಯುವಂತಿಲ್ಲ. ಆದರೆ ಜನವರಿಯಿಂದ ಒಂದು ಅವಧಿ, ಹದಿಮೂರು ವಾರ, ಹೋಗಬಹುದು. ಆ ಹುದ್ದೆಗೆ ಬರುತ್ತಿರುವ ಮುಲೆಂಗಾಳಿಗೆ ಕೆಲಸ ಕಲಿಸಿ ಬರಬೇಕು. ಮುಲೆಂಗಾ ಶಾಲೆಯ ಬಟ್ಟೆ ಒಗೆಯುತ್ತಿದ್ದ ನಲವತ್ತರ ವಿಧವೆ. ಮೇಟ್ರನ್ ಪರೀಕ್ಷೆ ಕಟ್ಟಿ ಪಾಸಾದವಳು.

ಕೃಪಾವತಿ ಎದ್ದು ಹೋಗಿ ಬೂಟುಗಳನ್ನು ಎರಡನೆಯ ಸಲ ಝಾಡಿಸಿದರಂತೆ.

ಇವತ್ತು ಪೆಟ್ಟಿಗೆ ತುಂಬುತ್ತಿದ್ದಾರೆ. ಪಿನ್ನುಗಳ ಹತ್ತು ಡಬ್ಬಿ, ಕೆಂಪು ಅರಿವೆಯ ಒಂದು ಗಂಟು, ದಾಕ್ಷಾಯಣಿ ಕೊಡಿಸಿದ ಎರಡು ಕೈಗವಸು. ಗವಸನ್ನು ಹೊರಗೆ ತೆಗೆದಿಡುತ್ತಾರೆ, ಅಲ್ಲಿ ಬೇಕಾಗುವುದಿಲ್ಲ. ಹಾಸಿಗೆಯ ಮೇಲೆ ಕೂತ ಆಶ್ರಿತಾ ತನ್ನ ಹಣೆಗೆ ತನ್ನದೇ ಬೆರಳ ಬೆನ್ನು ಹಚ್ಚಿ, ಏನೂ ತಿಳಿಯದೆ, ಅಜ್ಜಿಯ ಹಣೆಗೆ ಹಚ್ಚುತ್ತಾಳೆ.

"ಹಂಗ," ಎನ್ನುತ್ತಾರೆ ಕೃಪಾವತಿ, ಕಣ್ಣು ಮುಚ್ಚಿ. "ಜ್ವರ ಇಲ್ಲದ ಹಣಿ ಮೊದಲ ಗುರುತಾಗಬೇಕು. ಮುಲೆಂಗಾಗೂ ಹಿಂಗ ಶುರು ಮಾಡಸ್ತೀನಿ, ನನ್ನ ಹಣಿಯಿಂದ."

ಹದಿಮೂರು ವಾರ ಸಾಕಾಗುತ್ತದೆಯೇ ಎಂದರೆ ಬೆರಳು ಮಡಚುತ್ತಾರೆ. "ತೊಂಬತ್ತೊಂದು ನಸುಕು. ದಿನಾ ನೂರಾ ಮೂವತ್ತೆರಡು. ಹನ್ನೆರಡು ಸಾವಿರದ ಹನ್ನೆರಡು ಹಣಿ ಆತ್ರಿ. ಅಷ್ಟರಾಗ ಆಕಿ ಕೈಗೆ ಬರಲಿಲ್ಲ ಅಂದರ, ತಪ್ಪು ಕಲಿಸಿದಾಕಿದು."