ಕುರ್ಚಿ ಬಿಟ್ಟು ಎದ್ದವರು

ನಮ್ಮ ಪಂಚಾಯ್ತಿ ಅಧ್ಯಕ್ಷರ ಬಲಮಂಡಿ ಮಡಚುತ್ತಿರಲಿಲ್ಲ. ಕುರ್ಚಿಯಿಂದ ಏಳಬೇಕಾದರೆ ಎರಡೂ ಅಂಗೈ ಮೇಜಿಗೆ ಊರಿ, ಹಲ್ಲು ಕಚ್ಚಿ, "ಶಿವನೇ" ಎಂದು ಒಂದೇ ಉಸಿರಿಗೆ ನಿಲ್ಲುತ್ತಿದ್ದರು. ಹೆಗಲ ಟವೆಲ್ ಜಾರಿ ಬೀಳುತ್ತಿತ್ತು. ಯಾರಾದರೂ ಎತ್ತಿಕೊಡಲು ಬಗ್ಗಿದರೆ ರೇಗುತ್ತಿದ್ದರು. ಎಮ್ಮೆಲ್ಲೆ ಬಂದರೂ ಏಳದ ಮನುಷ್ಯ. ಮಂಡಿನೋವು ಬರೀ ನೆಪ ಎಂದು ಊರು ನಗುತ್ತಿತ್ತು.

ಚಿಕ್ಕಜಾಜೂರಿನ ಆಚೆಗಿರುವ ನಮ್ಮ ಊರಿನಲ್ಲಿ ಅವರ ಮನೆತನದ ಮಾತೇ ತಲೆಮಾರಿನಿಂದ ನಡೆದುಬಂದಿತ್ತು. ನಾನು ಉಪಾಧ್ಯಕ್ಷೆ, ಕುರಿ ಸಾಕುವವರ ಮನೆಯ ಸೊಸೆ. ಮೊದಲ ಮೀಟಿಂಗಿನಲ್ಲಿ ಬಾಯಿ ಬಿಡದೆ ಕೂತಿದ್ದಾಗ, "ಏನವ್ವ, ಸಹಿ ಹಾಕಕ್ಕಷ್ಟೇ ಬಂದೀಯ? ಬೈಯಾದಾದ್ರೂ ಬೈ" ಎಂದಿದ್ದರು. ಆಮೇಲೆ ಬೈದಿದ್ದೇನೆ, ಬೇಕಾದಷ್ಟು.

ಒಂದು ಬೇಸಿಗೆಯಲ್ಲಿ ಅವರ ಸ್ವಂತ ತಮ್ಮ, ಕುರಿಗಳು ತನ್ನ ಹೊಲ ಮೇಯುತ್ತವೆಂದು, ಕೆರೆಗೆ ಹೋಗುವ ದಾರಿಗೆ ಅಡ್ಡಲಾಗಿ ಕಲ್ಲುಕಂಬ ನೆಟ್ಟು ತಂತಿ ಎಳೆದ. ನಮ್ಮ ಕೇರಿಯ ಕುರಿಗಳು ನೀರಿಲ್ಲದೆ ಬೇಲಿಗೆ ಮೂತಿ ಒತ್ತಿಕೊಂಡು ನಿಂತವು. ನಮ್ಮ ಹುಡುಗರು ಕೊಡಲಿ ಹಿಡಿದು ಹೊರಟರು. ತಮ್ಮನ ಕಡೆಯವರು ದೊಣ್ಣೆ ತಂದರು. ಯಾರೋ ಪೊಲೀಸರಿಗೆ ಫೋನ್ ಮಾಡಲು ಹೋದಾಗ ಅಧ್ಯಕ್ಷರು ತಡೆದರು. "ನಮ್ ಜಗಳ ಬಿಡ್ಸಕ್ಕೆ ಹೊಳಲ್ಕೆರೆಯಿಂದ ಜೀಪ್ ಬರ್ಬೇಕಾ? ಹಂಗಾದ್ರೆ ಈ ಪಂಚಾಯ್ತಿಗೆ ಬೀಗ ಹಾಕಾಣ. ಈಗ್ಲೇ ತೀರ್ಮಾನ ಮಾಡಾಣ, ಬರ್ರಿ."

ಸಭೆ ಸೇರಿತು. ಕಿಟಕಿಯ ತುಂಬ ಮುಖಗಳು. ಅಧ್ಯಕ್ಷರು ಮೇಜಿಗೆ ಕೈಯೂರಿ ಎದ್ದರು. "ಬೇಲಿ ನನ್ ತಮ್ಮಂದು. ನಾನಿಲ್ಲಿ ಕೂರಂಗಿಲ್ಲ. ಉಪಾಧ್ಯಕ್ಷರೇ, ಬರ್ರಿ, ಕುಂತ್ಕಳ್ರಿ." ಕಾಲೆಳೆಯುತ್ತ ಹೋಗಿ, ಬಾಗಿಲ ಬಳಿ ಅರ್ಜಿ ತಂದವರು ಕೂರುವ ಬೆಂಚಿನಲ್ಲಿ ಕೂತರು.

ನಾನು ಕುರ್ಚಿಯಲ್ಲಿ ಕೂತೆ. ಒಳಗೊಳಗೇ ಖುಷಿ ಇತ್ತು, ಸುಳ್ಳೇಕೆ ಹೇಳಲಿ: ಬೇಲಿ ಹಾಕಿದೆಯಾ ಮಗನೇ, ಈಗ ನೋಡು! ಬಾಯಿ ತೆರೆಯುವಷ್ಟರಲ್ಲಿ ಬೆಂಚಿನಿಂದ ಅಧ್ಯಕ್ಷರ ದನಿ ಬಂತು. "ಒಂದ್ ಮಾತು. ಆ ಕುರಿಯೊಳಗೆ ನಿಮ್ಮನೇವೂ ಅವೆ ಅಲ್ವಾ?"

ಹೊರಗೆ ನಮ್ಮವರು ಹೋ ಎಂದರು. ಕಿಟಕಿಯಲ್ಲಿ ನಮ್ಮ ಯಜಮಾನರ ಕಣ್ಣು ಕೆಂಡ. ಏಳಬೇಡ ಎಂದು ತಲೆಯಾಡಿಸಿದರು. ಎದ್ದೆ. ಹೋಗಿ ಅದೇ ಬೆಂಚಿನ ಇನ್ನೊಂದು ತುದಿಗೆ ಕೂತೆ.

ಕುರ್ಚಿ ಖಾಲಿ. ಮೆಂಬರುಗಳಲ್ಲಿ ಹೊಲವೂ ಇಲ್ಲದ, ಕುರಿಯೂ ಇಲ್ಲದ ಮನುಷ್ಯ ಒಬ್ಬನೇ, ರೈಲ್ವೆ ಸ್ಟೇಷನ್ ಹತ್ತಿರ ಟೀ ಅಂಗಡಿ ಇಟ್ಟವನು. "ಅಯ್ಯೋ, ನಾನ್ಯಾಕ್ರಿ? ನಾಳೆ ನನ್ ಅಂಗ್ಡಿಗೆ ಯಾರ್ ಬರ್ತಾರೆ?" ಎಂದು ಕೈಮುಗಿದ.

"ಯಾರೂ ಬರ್ದಿದ್ರೆ ನಾನ್ ಬತ್ತೀನಿ, ಕುಂತ್ಕಳಪ್ಪ" ಎಂದರು ಅಧ್ಯಕ್ಷರು.

ಟೀ ಅಂಗಡಿಯವನು ಕುರ್ಚಿಯ ತುದಿಯಲ್ಲಿ ಕೂತು ಹೇಳಿದ: "ಕೆರೆ ದಾರಿ ಯಾರಪ್ಪಂದೂ ಅಲ್ಲ. ಹೊತ್ತು ಮುಳುಗೋದ್ರೊಳಗೆ ಬೇಲಿ ತೆಗೀಬೇಕು. ಕುರಿ ಹೊಲಕ್ಕೆ ಬಾಯಿ ಹಾಕಿದ್ರೆ ಕುರಿಯೋರು ನಷ್ಟ ಕಟ್ಕೊಡ್ಬೇಕು."

ತಮ್ಮ ಒಳಗೆ ನುಗ್ಗಿ ಬಂದ. "ಇವತ್ತಿಗೆ ನೀನು ನನ್ ಪಾಲಿಗೆ ಸತ್ತೆ" ಎಂದು ಅಣ್ಣನ ಕಾಲ ಬಳಿ ಉಗಿದು ಹೋದ. ಅಧ್ಯಕ್ಷರು ನೇರ ಕೆರೆ ದಾರಿಗೆ ನಡೆದು, ಮೊದಲ ಕಂಬವನ್ನು ತಾವೇ ಅಲ್ಲಾಡಿಸಿದರು. ವಾಪಸು ಬರುವಾಗ ನನಗೆ ಹೇಳಿದರು: "ಕುರ್ಚಿ ಬಿಟ್ಟು ಏಳಾದು ದೊಡ್ದಲ್ಲವ್ವ. ಎದ್ದಮ್ಯಾಲೆ ಮನೆಗೆ ಹೋಗಾದೈತಲ್ಲ, ಅದು ಕಷ್ಟ."

ತಮ್ಮ ಮತ್ತೆ ಮಾತಾಡಲಿಲ್ಲ. ಹೋದ ವರ್ಷ ಅಧ್ಯಕ್ಷರು ತೀರಿಕೊಂಡಾಗ ಮಣ್ಣಿಗೆ ಬಂದ. ಒಂದು ಹಿಡಿ ಮಣ್ಣು ಹಾಕಿ, ಯಾರ ಮುಖವನ್ನೂ ನೋಡದೆ ಹೊರಟುಹೋದ.

ಈಗ ಆ ಕುರ್ಚಿ ನನ್ನದು. ಇವತ್ತಿನ ಸಭೆಗೆ ಬಂದದ್ದು ನಮ್ಮ ಯಜಮಾನರ ಅರ್ಜಿ: ಕುರಿ ದೊಡ್ಡಿಗೆ ಕೆರೆಯ ಪಕ್ಕದ ಜಾಗ ಬೇಕಂತೆ. ನನ್ನ ಮಂಡಿಗೆ ಏನೂ ಆಗಿಲ್ಲ, ಆದರೂ ಎರಡೂ ಕೈ ಮೇಜಿಗೆ ಊರಿಯೇ ಎದ್ದೆ. ಟೀ ಅಂಗಡಿಯವನೇ ಮತ್ತೆ ಕೂತ, ಅರ್ಜಿ ಬಿದ್ದುಹೋಯಿತು.

ಮನೆಗೆ ಬಂದರೆ ಬಾಗಿಲಿಗೆ ಒಳಗಿನಿಂದ ಚಿಲಕ. ತಟ್ಟಿದೆ. ಒಳಗೆ ಯಜಮಾನರು ಕೆಮ್ಮಿದ್ದು ಕೇಳಿಸಿತು, ಬಾಗಿಲು ತೆರೆಯಲಿಲ್ಲ. ಜಗುಲಿಯ ಮೇಲೆ ಕೂತು ಅವರನ್ನು, ನಮ್ಮ ಅಧ್ಯಕ್ಷರನ್ನು, ನೆನೆಯುತ್ತಿದ್ದೇನೆ.