ಕಾಕಾನ ಹೊಟ್ಟೆಯ ಪಂಪುಗಳು

ನಿನ್ನೆ ವಿದ್ಯಾಗಿರಿಯ ಔಷಧಿ ಅಂಗಡಿಯಲ್ಲಿ ಗೃಹಸ್ಥರೊಬ್ಬರು ಎದೆಯುರಿಯ ಮಾತ್ರೆ ಕೊಳ್ಳುತ್ತ ಹೆಂಡತಿಯ ಅಡುಗೆಯನ್ನು ದೂರುತ್ತಿದ್ದರು. ನನಗೆ ಕಮತಗಿಯ ಕಾಕಾ ನೆನಪಾದ. ಇಂಥ ಕಾಕಾ ನಿಮಗೂ ಒಬ್ಬನಿದ್ದಾನು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ, ರಜೆ ಬಂದರೆ ಕಾಕಾನ ಮನೆ. ಕಾಕಾ ಊರಿಗೆ ದೊಡ್ಡ ಮನುಷ್ಯ. ಅವನ ಹೊಟ್ಟೆ ಅವನಿಗಿಂತ ದೊಡ್ಡ ಮನುಷ್ಯ. ಅದು ಉರಿದ ದಿನ ಮನೆಯಲ್ಲಿ ಯಾರೂ ಜೋರಾಗಿ ಕೆಮ್ಮುವಂತಿರಲಿಲ್ಲ. ಬರಿಹೊಟ್ಟೆಗೆ ಚಹಾ, ಚಹಾದ ಮೇಲೆ ಬೀಡಿ, ಸಂಜೆಗೆ ಬಸ್ ನಿಲ್ದಾಣದ ಮಿರ್ಚಿ ಭಜಿ, ಇವೆಲ್ಲ ನಿರಪರಾಧಿಗಳು. ಅಪರಾಧಿ ಅವನ ಹೆಂಡತಿ, ನನ್ನ ಚಿಗವ್ವ ಒಬ್ಬಳೇ. ಆಕೆಯೋ, ಗಂಡನಿಗೆಂದು ಖಾರವಿಲ್ಲದ ಬೇಳೆಯನ್ನು ಬೇರೆಯೇ ಬೇಯಿಸಿಡುವವಳು. ಊಟಕ್ಕೆ ಕೂತ ಬೀಗರ ಮುಂದೆ ಒಮ್ಮೆ ಕಾಕಾ, "ಇಕಿ ಕೈಯಾಗ ಬೆಂಕಿ ಐತಿ" ಎಂದುಬಿಟ್ಟ. ಚಿಗವ್ವ ಸೌಟನ್ನು ಕೆಳಗಿಟ್ಟಳು. ಮರುದಿನ ಹುನಗುಂದದ ತವರು ಸೇರಿದಳು.

ಅಡುಗೆಗೆ ಕಾಕಾನ ಅಕ್ಕ ಬಂದಳು. ಉರಿ ಹೋಗಲಿಲ್ಲ. ಅಕ್ಕನನ್ನು ದೂರುವ ಧೈರ್ಯ ಅವನಿಗೆ ಹುಟ್ಟಿನಿಂದಲೇ ಇರಲಿಲ್ಲ. ಕೊನೆಗೆ ನಾನೇ ಬಾಗಲಕೋಟೆಯ ಡಾಕ್ಟರಬಾಯಿಯ ಹತ್ತಿರ ಕರೆದೊಯ್ದೆ. ಖಾರ ತಿನಿಸಿ ತಿನಿಸಿ ಹೆಂಡತಿ ಆಸಿಡ್ ಮಾಡಿದ್ದಾಳೆಂದು ಕಾಕಾ ತೀರ್ಪನ್ನೂ ತಾನೇ ಕೊಟ್ಟ.

ಡಾಕ್ಟರಬಾಯಿ ತಾಳ್ಮೆಯಿಂದ ವಿವರಿಸಿದಳು. ಜಠರದ ಗೋಡೆಯ ಕೆಲವು ಕೋಶಗಳಲ್ಲಿ ಪಂಪಿನಂಥ ಪ್ರೋಟೀನುಗಳಿವೆ. ಕೋಶದ ಶಕ್ತಿ ಖರ್ಚು ಮಾಡಿ ಅವು ಪೊಟ್ಯಾಸಿಯಂ ಅಯಾನನ್ನು ಒಳಗೆಳೆದುಕೊಂಡು, ಹೈಡ್ರೋಜನ್ ಅಯಾನನ್ನು ಜಠರದೊಳಕ್ಕೆ ನೂಕುತ್ತವೆ. ಕ್ಲೋರೈಡ್ ಬೇರೊಂದು ದಾರಿಯಿಂದ ಬಂದು ಅದರ ಜೊತೆಗೂಡಿದರೆ ಆಮ್ಲ. ಇದೇ ಪಾಠದಲ್ಲಿ ಎಡವಿದ್ದ ನಾನು ಎಲ್ಲ ಬಲ್ಲವನಂತೆ ತಲೆಯಾಡಿಸಿದೆ. ಕಾಕಾನಿಗೆ ತಿಳಿದದ್ದು ಪಂಪು ಮಾತ್ರ. ಹೊಲದಲ್ಲಿ ಅವನದೂ ಒಂದಿತ್ತು.

"ಕರೆಂಟ್ ಹೋದ್ರ ನಿಲ್ಲತಾವೇನ್ರಿ?"

"ಇಲ್ರಿ. ಗುಳಿಗಿ ಕೊಡ್ತೇನಿ, ಚಹಾ-ಬೀಡಿ ಬಿಡ್ರಿ. ಆಸಿಡ್ ನಿಮ್ಮ ಅಡಿಗಿಮನ್ಯಾಗ ತಯಾರಾಗೂದಿಲ್ಲ. ನಿಮ್ಮ ಹೊಟ್ಟ್ಯಾಗ ನೀವ ತಯಾರ ಮಾಡ್ತೀರಿ."

ವಾಪಸು ಬರುವಾಗ ಕಮತಗಿಯಲ್ಲಿ ಕಾಕಾ ಬಸ್ಸಿನಿಂದ ಇಳಿಯಲಿಲ್ಲ. ನನಗೂ ಹೇಳದೆ ಹುನಗುಂದಕ್ಕೇ ಟಿಕೀಟು ತೆಗೆಸಿದ್ದ. ಚಿಗವ್ವ ನೀರು ಕೊಟ್ಟು ಎಲ್ಲ ಕೇಳಿಸಿಕೊಂಡಳು.

"ಬರ್ತೇನಿ. ಆದ್ರ ಮಂದಿ ಮುಂದ ಅಂದದ್ದನ್ನ ಮಂದಿ ಮುಂದನ ತಿರುಗಿ ತಗೋರಿ."

ಅದೇ ಬೀಗರನ್ನು ಮತ್ತೆ ಊಟಕ್ಕೆ ಕರೆದದ್ದಾಯಿತು. ಕಾಕಾ ತನ್ನ ಹೊಟ್ಟೆಯಲ್ಲಿ ಪಂಪುಗಳಿವೆಯೆಂದು, ಅವು ಎಲ್ಲರಿಗೂ ಸಿಗುವಂಥವಲ್ಲವೆಂದು ಜಂಬ ಕೊಚ್ಚತೊಡಗಿದ. ಚಿಗವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಸುಮ್ಮನೆ ನೋಡಿದಳು. ಕಾಕಾನ ದನಿ ಇಳಿಯಿತು. "ಇಕಿ ಕೈಯಾಗ ಏನೂ ತಪ್ಪಿಲ್ಲ" ಎಂದು ತಾಟಿನ ಕಡೆ ಬಗ್ಗಿದ. ಆಗ ಆಕೆ ಬಡಿಸಲು ಬಂದಳು.

ಈಗ ಕಾಕಾ ಇಲ್ಲ. ಈ ಕಥೆ ಹೇಳಿ ಎಷ್ಟೋ ಮಂದಿಯನ್ನು ನಗಿಸಿದ್ದೇನೆ. ಇವತ್ತು ಚಿಗವ್ವನನ್ನೂ ನಗಿಸೋಣವೆಂದು ಫೋನು ಮಾಡಿದೆ. ಆಕೆ ಪೂರ್ತಿ ಕೇಳಿ, "ಹೊಟ್ಟಿ ನಂದೂ ಉರೀತಿತ್ತು ತಮ್ಮಾ. ಯಾರೂ ಕೇಳಲಿಲ್ಲ" ಎಂದಳು. ನಾಳೆಯೇ ಬರುತ್ತೇನೆ, ದವಾಖಾನೆಗೆ ಹೋಗೋಣ ಎಂದೆ.

"ಈಗ ಯಾಕ? ಅವ್ರು ಹೋದಾಗಿಂದ ಆರಾಮ ಐತಿ."