ಪೇಪರ್ ಆಂಟಿಯ ಕಪ್ಪು ಹಕ್ಕಿಗಳು

ಆಂಟಿಯ ಬಲಗೈ ಹೆಬ್ಬೆರಳಿನ ಉಗುರು ಒಂದು ಬದಿಗೆ ಸವೆದು, ಹಳೆಯ ಈಳಿಗೆಯ ಅಲಗಿನಂತೆ ಓರೆಯಾಗಿತ್ತು. ಕಾಗದ ಮಡಚಿ ಆ ಉಗುರನ್ನು ಮಡಿಕೆಯ ಮೇಲೆ ಎಳೆದರೆ ಸರ್ರೆಂದು ಸದ್ದಾಗುತ್ತಿತ್ತು. ನಮ್ಮ ಅಡುಗೆಮನೆಯಲ್ಲಿ ಕೂತು ಹರಟುವಾಗಲೂ ಆ ಸದ್ದು ನಿಲ್ಲುತ್ತಿರಲಿಲ್ಲ. ಅಂಗಡಿಯ ರಸೀದಿ, ಚಹಾ ಚೀಲದ ಹೊದಿಕೆ, ಅಂಚೆಯಲ್ಲಿ ಬಂದ ಜಾಹೀರಾತು, ಅವರ ಕೈಗೆ ಸಿಕ್ಕ ಯಾವುದೂ ಚಪ್ಪಟೆಯಾಗಿ ಉಳಿಯುತ್ತಿರಲಿಲ್ಲ.

ಟೆಕ್ಸಸ್‌ನ ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್‌ನಲ್ಲಿ ನಮ್ಮದೂ ಅವರದೂ ಅಕ್ಕಪಕ್ಕದ ಮನೆ. ಮದುವೆಯಾಗಿ ಜಪಾನಿನಿಂದ ಬಂದವರು. ಚಿಪ್ ಕಂಪನಿಯಲ್ಲಿದ್ದ ಗಂಡ ತೀರಿಕೊಂಡ ಮೇಲೂ ಊರು ಬಿಡಲಿಲ್ಲ. ಮಕ್ಕಳಿರಲಿಲ್ಲ. ಗರಾಜಿನ ತುಂಬ ಕಾಗದ, ಕಾರು ಮಾತ್ರ ಹೊರಗೆ ಬಿಸಿಲಿನಲ್ಲಿ. ಡಲ್ಲಾಸ್‌ನ ಒಂದು ದೊಡ್ಡ ಕಟ್ಟಡದ ಹಜಾರದಲ್ಲಿ ಅವರು ಒಂದೇ ಹಾಳೆಯಿಂದ ಮಡಚಿದ ಆಮೆಚಿಪ್ಪು ತೂಗುತ್ತದೆ. ಅದರ ಕೆಳಗೆ ಒಂದು ಸಂಸಾರ ನೆರಳಿಗೆ ನಿಲ್ಲಬಹುದು. ನೋಡಿ ಬಂದು ನಾನು ಹೊಗಳಿದರೆ ಮುಖ ಸಿಂಡರಿಸಿದರು. "ಅದು ಒಬ್ಬಳೇ ಮಾಡಿದ್ದು. ಒಬ್ಬಳೇ ಮಾಡಿದ್ದನ್ನು ನೋಡಿದರೆ ನನಗೆ ಬೇಗ ಬೇಸರ ಬರುತ್ತದೆ."

ಅವರಿಗೆ ಬೇಕಾಗಿದ್ದದ್ದು ಜನ. ಲೈಬ್ರರಿ, ಚರ್ಚು, ವೃದ್ಧಾಶ್ರಮ, ನಮ್ಮ ಕನ್ನಡ ಶಾಲೆ, ಎಲ್ಲಿ ಕರೆದರೂ ಕಾಗದದ ಡಬ್ಬ ಹೊತ್ತು ಹೋಗುತ್ತಿದ್ದರು. ನಮ್ಮ ಮಕ್ಕಳೇ ಅವರಿಗೆ 'ಪೇಪರ್ ಆಂಟಿ' ಎಂದು ಹೆಸರಿಟ್ಟವು. ಸಿಡುಕಿ. ಯಾರಾದರೂ ಅವಸರದಲ್ಲಿ ಮಡಚಿದರೆ ಹಾಳೆಯನ್ನು ಕಸಿದುಕೊಂಡು, ಬಿಡಿಸಿ, ಬೆಳಕಿಗೆ ಹಿಡಿದು ತಪ್ಪು ಗೆರೆಯನ್ನು ತೋರಿಸುವರು. "ನೀವು ಮರೆಯುತ್ತೀರಿ. ಕಾಗದ ಮರೆಯುವುದಿಲ್ಲ." ಭಾನುವಾರ ಫುಟ್‌ಬಾಲ್ ನೋಡುತ್ತ ಟಿವಿಗೆ ಬೈಯುತ್ತಿದ್ದದ್ದು ನಮ್ಮ ಹಿತ್ತಿಲಿಗೂ ಕೇಳಿಸುತ್ತಿತ್ತು. ಬಿಳಿ ಅನ್ನದ ಮೇಲೆ ನನ್ನ ಶೇಂಗಾ ಚಟ್ನಿಪುಡಿ ಸುರಿದುಕೊಂಡು ಉಣ್ಣುವಾಗ ಮಾತ್ರ ಪೂರ್ತಿ ಮೌನ.

ಹ್ಯೂಸ್ಟನ್ನಿನ ಒಂದು ಆಸ್ಪತ್ರೆಯವರು ಉದ್ದನೆಯ ಕಾರಿಡಾರಿಗೆ ಏನಾದರೂ ಮಾಡಿಕೊಡಿ, ಊರಿನ ಜನರನ್ನೂ ಸೇರಿಸಿಕೊಳ್ಳಿ ಎಂದು ಕೇಳಿದರು. ಆಸ್ಪತ್ರೆಯವರ ಮನಸ್ಸಿನಲ್ಲಿದ್ದದ್ದು ಬಿಳಿ ಕೊಕ್ಕರೆ. ಆಂಟಿ ಮಾಡಿಕೊಂಡು ಹೋದದ್ದು ಗ್ರ್ಯಾಕಲ್ ಹಕ್ಕಿ. ಟೆಕ್ಸಸ್‌ನಲ್ಲಿ ಇದ್ದವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಕಾಗೆಗಿಂತ ಸಪೂರ, ಮೈತುಂಬ ಕಪ್ಪು, ದೋಣಿಯ ತಳದಂತೆ ಮಡಚಿದ ಉದ್ದ ಬಾಲ, ಹಳದಿ ಕಣ್ಣು. ಹೊತ್ತು ಮುಳುಗುವಾಗ ದಿನಸಿ ಅಂಗಡಿಗಳ ಪಾರ್ಕಿಂಗ್ ಲಾಟಿನ ತಂತಿಗಳ ಮೇಲೆ ಸಾಲುಸಾಲಾಗಿ ಇಳಿದು, ತುಕ್ಕು ಹಿಡಿದ ಗೇಟು ತೆಗೆದಂತೆ ಕಿರುಚುತ್ತವೆ. ಆ ಹೊತ್ತಿನಲ್ಲಿ ನಾನು ಸಾಮಾನಿನ ಚೀಲವನ್ನು ಎದೆಗೊತ್ತಿಕೊಂಡು ಕಾರಿಗೆ ಓಡುತ್ತೇನೆ. ಯಾಕೆಂದು ಹೇಳಲಾರೆ.

ಆಸ್ಪತ್ರೆಯ ಸಮಿತಿಯ ಸಭೆಗೆ ನಾನೇ ಅವರನ್ನು ಡ್ರೈವ್ ಮಾಡಿಕೊಂಡು ಹೋಗಿದ್ದೆ. ಮೇಜಿನ ಮೇಲೆ ಕಪ್ಪು ಹಕ್ಕಿಯನ್ನಿಟ್ಟಾಗ ಯಾರೂ ಮುಟ್ಟಲಿಲ್ಲ. "ರೋಗಿಗಳು ಹೆದರುವುದಿಲ್ಲವೇ?" ಎಂದು ಸಮಿತಿಯ ಹೆಂಗಸೊಬ್ಬಳು ಮೆಲ್ಲಗೆ ಕೇಳಿದಳು.

"ಅವರು ಆಗಲೇ ಹೆದರಿದ್ದಾರೆ" ಎಂದರು ಆಂಟಿ. "ಗೋಡೆ ನಗುತ್ತಿದ್ದರೆ ಅವರು ಒಬ್ಬರೇ ಹೆದರಬೇಕಾಗುತ್ತದೆ."

ಒಪ್ಪಿಗೆ ಸಿಕ್ಕಿತು. ಹೊರಗೆ ಬಂದಾಗ ಮೆಕ್ಸಿಕೋ ಕೊಲ್ಲಿಯ ಕಡೆಯಿಂದ ಮೋಡ ಕವಿದು ಹಗಲೇ ದೀಪ ಹಚ್ಚಿದ್ದರು. ನನಗೆ ಗೆಲುವು ಅನ್ನಿಸಲಿಲ್ಲ. ನಮ್ಮ ಧಾರವಾಡದ ಮನೆಯಲ್ಲಿ ಶ್ರಾದ್ಧದ ದಿನ ಪಿಂಡವಿಟ್ಟ ಮೇಲೆ ಅಜ್ಜಿ ಕಾಗೆ ಬರಲಿ ಎಂದು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದದ್ದು ನೆನಪಾಗಿ ದಾರಿಯುದ್ದಕ್ಕೂ ಕಾಡಿತು.

ಹಕ್ಕಿ ಮಡಚುವ ಮೊದಲ ಕಮ್ಮಟ ಪಕ್ಕದ ಊರು ರೌಂಡ್ ರಾಕ್‌ನಲ್ಲಿ, ರಾಜ್ಯೋತ್ಸವದ ದಿನ. ಶಾಲೆಯ ಊಟದ ಹಾಲ್‌ನಲ್ಲಿ ಉದ್ದ ಮೇಜು, ಅದರ ತುಂಬ ಕರಿ ಹಾಳೆ. ಅಜ್ಜಿಯರು ಕನ್ನಡದಲ್ಲಿ ಕೇಳುತ್ತಿದ್ದರು, ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದವು. ಆಂಟಿ ಹಾಳೆಯೊಂದನ್ನು ಎತ್ತಿ ತೋರಿಸುವಾಗ ಅದು ಬೆರಳ ಸಂದಿಯಿಂದ ಜಾರಿತು. ಎತ್ತಿಕೊಂಡರು. ಮತ್ತೆ ಜಾರಿತು. ನಕ್ಕು ಎಡಗೈಗೆ ಬದಲಾಯಿಸಿದರು.

ನಾನು ನಿವೃತ್ತಳಾಗುವವರೆಗೆ ನರರೋಗದ ವೈದ್ಯೆಯಾಗಿದ್ದವಳು. ನೋಡಬಾರದೆಂದರೂ ಕಣ್ಣು ನೋಡುತ್ತದೆ. ಅವರ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ದುಂಡಗಿರಬೇಕಾದ ಮಾಂಸ ಇಳಿದು ಸಣ್ಣ ಗುಳಿ ಬಿದ್ದಿತ್ತು. ಮುಂಗೈ ಚರ್ಮದ ಕೆಳಗೆ ಏನೋ ಹುಳು ಹರಿದಂತೆ ಮಿಡಿಯುತ್ತಿತ್ತು, ನಿಲ್ಲುತ್ತಿತ್ತು, ಇನ್ನೊಂದು ಕಡೆ ಮಿಡಿಯುತ್ತಿತ್ತು.

ಮನೆಗೆ ಬರುವಾಗ ನನ್ನವರು ಕೇಳಿದರು, "ಅಲ್ಲ, ಅವರ ಕೈಗೆ ಏನಾಗ್ಯದ?"

"ಇನ್ನೂ ಗೊತ್ತಿಲ್ರೀ."

"ನಿನ್ನ ಮುಖ ನೋಡಿದ್ರ ಗೊತ್ತಾಗೇದ ಅನ್ನಸ್ತದ."

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. "ಕೈ ತೋರಿಸಿ" ಎಂದೆ. ಯಾಕೆ ಎಂದು ಕೇಳದೆ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟರು. ಬೆರಳು ಅಗಲಿಸಲು ಹೇಳಿದೆ, ಒತ್ತಿ ನೋಡಿದೆ, ಮೊಣಕಾಲಿಗೆ ತಟ್ಟಿದೆ. ಕಾಲು ಬೇಕಾದ್ದಕ್ಕಿಂತ ಜೋರಾಗಿ ಚಿಮ್ಮಿತು. ಇದು ಕುತ್ತಿಗೆಯ ನರ ಒತ್ತಿಕೊಂಡದ್ದಷ್ಟೇ ಆಗಿರಲಿ ದೇವರೇ, ಅದಕ್ಕಾದರೆ ಚಿಕಿತ್ಸೆಯಿದೆ ಎಂದು ಹಾರೈಸುತ್ತಲೇ ಇದ್ದೆ.

"ಯಾವಾಗಿನಿಂದ ಹೀಗೆ?"

ಅವರು ಎದ್ದು ಗರಾಜಿನಿಂದ ತಟ್ಟೆಯ ತುಂಬ ಹಕ್ಕಿ ತಂದರು. ಎಲ್ಲವೂ ಅವರೇ ಮಡಚಿದವು. ಮೊದಲು ಮಡಚಿದ್ದನ್ನು ಎಡಗಡೆಗಿಟ್ಟು ಒಂದರ ಪಕ್ಕ ಒಂದು ಜೋಡಿಸಿದರು. ಎಡಗಡೆಯ ಹಕ್ಕಿಯ ಕೊಕ್ಕು ಸೂಜಿಯಂತಿತ್ತು. ಬಲಕ್ಕೆ ಬಂದಂತೆ ಕೊಕ್ಕು ಮೊಂಡಾಗಿ, ರೆಕ್ಕೆಯ ಮಡಿಕೆ ಸಡಿಲವಾಗಿ, ಕೊನೆಯದು ತನ್ನಷ್ಟಕ್ಕೆ ತಾನೇ ಬಿಚ್ಚಿಕೊಳ್ಳತೊಡಗಿತ್ತು. ನನ್ನ ಇಡೀ ವೃತ್ತಿಜೀವನದಲ್ಲಿ ಯಾವ ರೋಗಿಯೂ ಅಷ್ಟು ಸ್ಪಷ್ಟವಾಗಿ ರೋಗದ ಚರಿತ್ರೆ ಹೇಳಿರಲಿಲ್ಲ.

"ನನಗೆ ಗೊತ್ತಿತ್ತು, ಡಾಕ್ಟರ್" ಎಂದರು. "ಹೆಸರು ಗೊತ್ತಿರಲಿಲ್ಲ."

ಹೆಸರು ಹ್ಯೂಸ್ಟನ್ನಿನಲ್ಲಿ ಸಿಕ್ಕಿತು. ಎಎಲ್‌ಎಸ್. ನರಗಳು ಸತ್ತು ಸ್ನಾಯುಗಳು ಒಂದೊಂದಾಗಿ ಕರಗುವ ರೋಗ. ತಜ್ಞರು ಹೊರಗೆ ಹೋದ ಮೇಲೆ ಆಂಟಿ ನನ್ನ ಕಡೆ ತಿರುಗಿದರು. "ಏನೇನು, ಯಾವುದಾದ ಮೇಲೆ ಯಾವುದು ಹೋಗುತ್ತದೆ? ನಿಜ ಹೇಳಿ."

"ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ನಿಮ್ಮದು ಕೈಯಿಂದ ಶುರುವಾಗಿದೆ. ಈ ಕೈ, ಆ ಕೈ, ಆಮೇಲೆ ಕಾಲು. ನುಂಗುವುದು, ಮಾತು. ಕೊನೆಗೆ ಉಸಿರು."

"ಕೈ ಆದ ಮೇಲೆ ಮಾತು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ನಡುವೆ ಸ್ವಲ್ಪ ಸಮಯ ಇದೆ."

ಅಲ್ಲಿಂದ ಅವರು ಮಡಚುವುದನ್ನು ಬಾಯಲ್ಲಿ ಹೇಳಲು ಕಲಿಯತೊಡಗಿದರು. ಅದು ಸುಲಭವಿರಲಿಲ್ಲ. ಜೀವನಪೂರ್ತಿ ಅವರು 'ನೋಡಿ' ಎಂದು ಮಾಡಿ ತೋರಿಸಿದವರು, ಒಂದು ಮಡಿಕೆಗೂ ಮಾತು ಹುಡುಕಿದವರಲ್ಲ. ನಮ್ಮ ಮನೆಯ ಹಾಲ್‌ನಲ್ಲಿ ಕಣ್ಣು ಮುಚ್ಚಿಕೊಂಡು ನಾನು ಕೂರಬೇಕು, ಅವರು ಹೇಳಿದಂತೆ ಮಡಚಬೇಕು. ನಾನು ತಪ್ಪಿದರೆ ತಪ್ಪು ಅವರ ಮಾತಿನದು. ಬೈಯುತ್ತಿದ್ದರು, ಆದರೆ ತಮ್ಮನ್ನೇ. ಬಾಲದ ಮಡಿಕೆಗೆ ಯಾವ ಮಾತೂ ಒಗ್ಗಲಿಲ್ಲ. ಒಂದೇ ಅಳತೆಯಲ್ಲಿ ಹಿಂದೆ ಮುಂದೆ ಮಡಚುತ್ತ ಹೋಗಿ, ಒಟ್ಟಿಗೆ ಹಿಡಿದು, ತುದಿ ಬಿಡಬೇಕು. ಒಂದು ದಿನ ಫ್ಲೂಗರ್‌ವಿಲ್‌ನಿಂದ ಬಂದಿದ್ದ ನನ್ನ ಹುಬ್ಬಳ್ಳಿಯ ಗೆಳತಿ ನಮ್ಮ ಒದ್ದಾಟ ನೋಡಲಾರದೆ ಹೇಳಿದಳು, "ಅಯ್ಯ, ಅದಕ್ಯಾಕ ಇಷ್ಟು ಮಾತು? ಸೀರಿ ನಿರಿಗಿ ಹಿಡಿದಂಗ ಹಿಡೀರಿ."

"ನಿರಿಗಿ?" ಎಂದರು ಆಂಟಿ. ಅವಳು ತನ್ನ ಸೆರಗನ್ನೇ ಹಿಡಿದು ಮಾಡಿ ತೋರಿಸಿದಳು. ಆಂಟಿ ಆ ಪದವನ್ನು ಬಾಯೊಳಗೆ ಹೊರಳಿಸಿ ನೋಡಿ, ಇಟ್ಟುಕೊಂಡುಬಿಟ್ಟರು.

ಆ ಚಳಿಗಾಲ, ಆ ವಸಂತ, ನಾವು ಊರೂರು ತಿರುಗಿದೆವು. ಅವರ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿದ್ದವು. ಡಲ್ಲಾಸ್ ಬಳಿಯ ಒಂದು ಲೈಬ್ರರಿಯಲ್ಲಿ ದಪ್ಪ ಮೀಸೆಯ ಟ್ರಕ್ ಡ್ರೈವರನೊಬ್ಬ ಪಕ್ಕದ ಮೆಕ್ಸಿಕನ್ ಅಜ್ಜಿಗೆ ಬಾಗಿ, "ಇಲ್ಲ ಇಲ್ಲ, ಮೊದಲು ನಿರಿಗಿ" ಎಂದು ತಿದ್ದುತ್ತಿದ್ದ. ನನಗೆ ನಗು ಬಂತು. ಆಂಟಿಯ ಕಡೆ ತಿರುಗಿದೆ. ಅವರ ನಾಲಿಗೆ ಅರೆತೆರೆದ ಬಾಯೊಳಗೆ ಸಣ್ಣಗೆ ನಡುಗುತ್ತಿತ್ತು. ನನ್ನ ನಗು ಅಲ್ಲೇ ಆರಿತು. ಮಾತಿನ ಸರದಿ ನಾನು ಅಂದುಕೊಂಡದ್ದಕ್ಕಿಂತ ಬೇಗ ಬಂದಿತ್ತು.

ಹ್ಯೂಸ್ಟನ್ನಿನ ಕಮ್ಮಟದಲ್ಲಿ ಜನ "ಏನಂದಿರಿ?" ಎಂದು ಮತ್ತೆಮತ್ತೆ ಕೇಳತೊಡಗಿದರು. ಆಸ್ಟಿನ್ನಿನ ಕೊನೆಯ ಕಮ್ಮಟದ ಹೊತ್ತಿಗೆ ಅವರ ಮಾತು ನನಗೊಬ್ಬಳಿಗೇ ತಿಳಿಯುತ್ತಿತ್ತು. ಅವರು ಗೊಣಗುವರು, ನಾನು ಗಟ್ಟಿಯಾಗಿ ಹೇಳುವೆನು, ನೂರಾರು ಕೈಗಳು ಮಡಚುವವು. ಒಮ್ಮೆ ನಾನು ತಪ್ಪಾಗಿ ಹೇಳಿದೆ. ಗಾಲಿಕುರ್ಚಿಯಿಂದಲೇ ಒಂದು ದುರುಗುಟ್ಟುವ ನೋಟ ಬಂತು. ಇಡೀ ಮೇಜಿನವರು ಬಿಚ್ಚಿ ಮತ್ತೆ ಮಡಚಿದರು.

ಹಕ್ಕಿಗಳನ್ನು ತೂಗುಹಾಕಿದ್ದು ಬೇಸಗೆಯ ಒಂದು ಬೆಳಿಗ್ಗೆ. ಕಾರಿಡಾರಿನ ಬಾಗಿಲ ಬಳಿ ವಿರಳವಾಗಿ ಶುರುವಾಗಿ, ಒಳಗೆ ಹೋದಂತೆ ದಟ್ಟವಾಗಿ, ದೂರದ ತಿರುವಿನಲ್ಲಿ ಸೂರು ಕಾಣದಷ್ಟು ಕಪ್ಪು. ಏಸಿಯ ಗಾಳಿಗೆ ಎಲ್ಲವೂ ಒಟ್ಟಿಗೆ ಒಂದು ಬದಿಗೆ ವಾಲಿ, ಒಣ ಎಲೆಯಂತೆ ಸದ್ದು ಮಾಡಿದವು. ಸಲೈನ್ ಕಂಬ ತಳ್ಳಿಕೊಂಡು ಬಂದ ಒಬ್ಬ ಮುದುಕ ಅದರ ಕೆಳಗೆ ನಿಂತು ಕತ್ತೆತ್ತಿ ನೋಡಿದ.

"ಈ ದರಿದ್ರದವು ಇಲ್ಲಿಗೂ ಬಂದವಾ?" ಎಂದ.

ಸಮಿತಿಯ ಹೆಂಗಸು ಬಿಳಿಚಿಕೊಂಡಳು. ಆತ ಮಾತ್ರ ಹೋಗಲಿಲ್ಲ. ಕಂಬಕ್ಕೆ ಒರಗಿ ನಿಂತು, ತಾನು ನಾಳೆ ಆಪರೇಷನ್‌ಗೆ ಹೋಗುವವನೆಂದೂ, ಹೆಂಡತಿಗೆ ಧೈರ್ಯ ಹೇಳಿ ಹೇಳಿ ಸಾಕಾಗಿದೆಯೆಂದೂ, ಗುರುತಿಲ್ಲದ ನಮ್ಮಿಬ್ಬರಿಗೆ ಹೇಳಿದ. ಆಂಟಿ ಅವನ ಮುಖದಿಂದ ಕಣ್ಣು ಕೀಳಲಿಲ್ಲ.

ಅದಾದ ಮೇಲೆ ಅವರು ಮನೆಯಿಂದ ಹೊರಬೀಳಲಿಲ್ಲ. ಜಪಾನಿನಿಂದ ತಂಗಿ ಬಂದು ಜೊತೆಗಿದ್ದರು. ಹಗಲಿನಲ್ಲಿ ನಾನು ಹೋಗಿ ಕೂರುತ್ತಿದ್ದೆ. ಅಕ್ಷರಗಳಿದ್ದ ಪಾರದರ್ಶಕ ಹಲಗೆಯನ್ನು ನಮ್ಮಿಬ್ಬರ ನಡುವೆ ಹಿಡಿದರೆ, ಅವರು ಕಣ್ಣಿನಿಂದ ಒಂದೊಂದೇ ಅಕ್ಷರ ತೋರಿಸುವರು. ನೋಡಲು ಬಂದವರು ಹೋಗುವಾಗ ಬಾಗಿಲಲ್ಲಿ ನನ್ನನ್ನು ತಡೆದು, "ಎಷ್ಟು ಶಾಂತವಾಗಿದ್ದಾರೆ ಅಲ್ವಾ ಆಂಟಿ?" ಎನ್ನುತ್ತಿದ್ದರು. ಹೌದೆನ್ನುತ್ತಿದ್ದೆ. ಮುಖದ ಸ್ನಾಯುಗಳು ಹೋದ ಮೇಲೆ ಎಲ್ಲರ ಮುಖವೂ ಶಾಂತವಾಗಿಯೇ ಕಾಣುತ್ತದೆ.

ಒಂದು ಮಧ್ಯಾಹ್ನ ನಾನು ಹೊರಡಲು ಎದ್ದೆ. ಅವರ ಕಣ್ಣು ಹಲಗೆಯ ಕಡೆ ಹೋಯಿತು. ಹಿಡಿದೆ. ನೀರು ಬೇಕೇನೋ, ದಿಂಬು ಸರಿಸಬೇಕೇನೋ ಎಂದುಕೊಂಡೆ. ತುಂಬ ಹೊತ್ತು ಹಿಡಿಯಿತು. ಅಕ್ಷರ ಕೂಡಿಸಿದರೆ ಬಂದದ್ದು ಇಷ್ಟೇ: 'ಹೆದರಿಕೆ. ಹೋಗಬೇಡಿ.'

ಔಷಧಿಯ ಹೆಸರು ಬಾಯಿಗೆ ಬಂತು. ಧೈರ್ಯದ ಮಾತೂ ಬಂತು. ಎರಡನ್ನೂ ಬಿಟ್ಟು, "ನನಗೂ ಹೆದರಿಕೆಯೇ" ಎಂದೆ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತೆ. ಅವರು ರೆಪ್ಪೆ ಮುಚ್ಚಿ ತೆರೆದರು. ಅಂದಿನಿಂದ ನಾನೋ ಅವರ ತಂಗಿಯೋ ಯಾರಾದರೊಬ್ಬರು ಸದಾ ಆ ಕುರ್ಚಿಯಲ್ಲಿರುತ್ತಿದ್ದೆವು. ಆ ವಾರವೇ, ಹೊರಗೆ ಹುಲ್ಲು ಕತ್ತರಿಸುವ ಯಂತ್ರದ ಸದ್ದು ತುಂಬಿದ್ದ ಒಂದು ಸಾಮಾನ್ಯ ಬೆಳಿಗ್ಗೆ, ಅವರ ಉಸಿರು ನಿಂತಿತು.

ನನಗೂ ಈಗ ವಯಸ್ಸಾಗಿದೆ. ನನ್ನ ಸರದಿ ಯಾವ ರೂಪದಲ್ಲಿ ಬರುತ್ತದೆಂದು ಊಹಿಸುವಷ್ಟು ರೋಗಗಳನ್ನು ನೋಡಿದ್ದೇನೆ. ಆ ಊಹೆ ಯಾವ ದಿನವೂ ನನ್ನನ್ನು ಬಿಟ್ಟು ಹೋಗುವುದಿಲ್ಲ. ಅವತ್ತು ಯಾರು ಪಕ್ಕದಲ್ಲಿರುತ್ತಾರೋ ಗೊತ್ತಿಲ್ಲ. ಆದರೆ ಹೋಗಬೇಡಿ ಎಂದು ಕೇಳಬಹುದು ಎಂಬುದನ್ನು ಅವರಿಂದ ಕಲಿತಿದ್ದೇನೆ.